ಕೂದಲು ಎಳೆದು ‘ಯಾವ ದೇಶ?’ ಅಂದರೆ

ಪ್ರಶ್ನೆ: ನಾನು ಯಲ್ಲಾಪುರದ ಸಿದ್ದಿ ಹುಡುಗಿ (ನಮ್ಮ ಪೂರ್ವಿಕರು ಆಫ್ರಿಕಾದವರು), ಶಿವಮೊಗ್ಗದಲ್ಲಿ ಓದುತ್ತಿದ್ದೇನೆ. ಸಾಗರದ ಬಸ್ಸಿನಲ್ಲಿ ಒಬ್ಬ ಕೂದಲು ಎಳೆದು ‘ಯಾವ ದೇಶ?’ ಅಂದ, ಎಲ್ಲರೆದುರು ಜಾತಿ ಹಿಡಿದು ಬೈದ. ದೂರು ನಿಲ್ಲುತ್ತದೆಯೇ?

ಉತ್ತರ: ಖಂಡಿತ. ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ 1989ರ ದೌರ್ಜನ್ಯ ತಡೆ ಕಾಯ್ದೆ ನಿಮಗೂ ಅನ್ವಯ. (ಬೈದವನೂ ಪರಿಶಿಷ್ಟನಾಗಿದ್ದರೆ ಈ ಕಾಯ್ದೆ ಹತ್ತದು.) ‘ಅವಮಾನ ಮಾಡಿದ’ ಎಂದಷ್ಟೇ ಬರೆದರೆ ದೂರು ಸೊರಗುತ್ತದೆ. ಬೈದ ಮಾತು ಎಷ್ಟೇ ಕೊಳಕಿದ್ದರೂ ಅದೇ ಪದಗಳಲ್ಲಿ ಬರೆಯಿರಿ. ಹೊತ್ತು, ಬಸ್ ನಂಬರ್, ಕೇಳಿಸಿಕೊಂಡ ಕಂಡಕ್ಟರ್, ಪಕ್ಕದ ಸೀಟಿನವರು ಎಲ್ಲ ಬರಲಿ. ನಾಲ್ಕು ಜನರೆದುರು ನಡೆಯಿತೆಂಬುದೇ ಇಲ್ಲಿ ಜೀವಾಳ. ಕೂದಲು ಎಳೆದದ್ದನ್ನು ತಮಾಷೆಯೆಂದು ಬಿಡಬೇಡಿ. ತಹಶೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರದ ಪ್ರತಿ ಲಗತ್ತಿಸಿ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ತನಿಖೆ ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರದ್ದಲ್ಲ.