ತಲೆಬುರುಡೆ, ಹಲ್ಲು ಅಳೆದು ಈಜಿಪ್ಟಿನ ರಾಜ ಮಮ್ಮಿ ಯಾರದೆಂದು ಹೇಳಬಹುದೇ?

ಹೆಸರು ಹೇಳಲಾಗದು, ಯಾರ ಮನೆತನದವರು ಎಂಬ ಸುಳಿವಂತೂ ಸಿಗುತ್ತದೆ.

1960ರ ದಶಕದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಜೇಮ್ಸ್ ಹ್ಯಾರಿಸ್ ಕೈರೋ ಮ್ಯೂಸಿಯಂನ ರಾಜ ಮಮ್ಮಿಗಳ ಎಕ್ಸ್‌ರೇ ತೆಗೆಯಲು ಶುರುಮಾಡಿದರು. ಅವರು ವಕ್ರದಂತ ಸರಿಪಡಿಸುವ ವೈದ್ಯರು. ಕ್ಲಿನಿಕ್ಕಿನಲ್ಲಿ ಮಾಡುವ ಕೆಲಸವನ್ನೇ ಇಲ್ಲೂ ಮಾಡಿದರು: ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಮೂಗಿನ ಬುಡ, ಗದ್ದದ ತುದಿ, ಬಾಚಿಹಲ್ಲಿನ ಅಂಚು ಗುರುತಿಸಿ, ಅವುಗಳ ನಡುವಿನ ದೂರ, ಕೋನ ಅಳೆಯುವುದು. ಬಟ್ಟೆ ಬಿಚ್ಚುವ ಗೋಜೇ ಇಲ್ಲ.

1898ರಲ್ಲಿ ರಾಜ ಎರಡನೇ ಅಮೆನ್‌ಹೊಟೆಪ್‌ನ ಗೋರಿಯಲ್ಲಿ ಸಿಕ್ಕ, ಹೆಸರಿಲ್ಲದ 'ಹಿರಿಯ ಮಹಿಳೆ'ಯ ಮಮ್ಮಿಗೆ ಉದ್ದ ಕೂದಲಿದೆ. ಅವಳ ಮುಖದ ಅಳತೆ ರಾಣಿ ತಿಯೆಯ ತಾಯಿ ತುಯಾಳಿಗೆ ಚೆನ್ನಾಗಿ ಹೊಂದಿತು. ಟುಟಾಂಖಾಮುನ್ ಗೋರಿಯಲ್ಲಿ ತಿಯೆ ಹೆಸರಿನ ಪುಟ್ಟ ಪೆಟ್ಟಿಗೆಯಲ್ಲಿದ್ದ ಕೂದಲನ್ನೂ ಹೋಲಿಸಿ, ಇವಳು ತಿಯೆಯೇ ಎಂದು 1978ರಲ್ಲಿ ಹ್ಯಾರಿಸ್ ತಂಡ ಪ್ರಕಟಿಸಿತು. ಕೂದಲಿನ ಪರೀಕ್ಷೆಯ ಬಗ್ಗೆ ತಕರಾರು ಇತ್ತು. 2010ರ ಡಿಎನ್‌ಎ ವರದಿ ಅವಳು ತಿಯೆಯ ತಂದೆ-ತಾಯಿಯಾದ ಯುಯಾ-ತುಯಾರ ಮಗಳೆಂದಿತು. ಅಳತೆ ಸುಳ್ಳಾಗಲಿಲ್ಲ!

ಆದರೆ ಫೇರೋಗಳ (ಈಜಿಪ್ಟಿನ ರಾಜರ) ಮನೆಯಲ್ಲಿ ಎಷ್ಟೋ ಸಲ ಅಣ್ಣ-ತಂಗಿಯರೇ ಮದುವೆಯಾಗುತ್ತಿದ್ದರು. ಹಾಗಾಗಿ ನೆಂಟರ ಮುಖಗಳು ಹತ್ತಿರ ಹತ್ತಿರ ಇರಬಹುದು. ತಂದೆ ಯಾರು, ಚಿಕ್ಕಪ್ಪ ಯಾರು ಎಂದು ಬೇರ್ಪಡಿಸುವುದು ಕಷ್ಟ.

ಹಲ್ಲಿನ ಸವೆತದಿಂದ ವಯಸ್ಸು ಹೇಳುವಾಗಲೂ ಎಚ್ಚರ ಬೇಕು. ರೊಟ್ಟಿಯ ಹಿಟ್ಟಿನಲ್ಲಿ ಮರಳು, ಬೀಸುಕಲ್ಲಿನ ಪುಡಿ ಸೇರುತ್ತಿದ್ದರಿಂದ ಅಲ್ಲಿನವರ ಹಲ್ಲು ಬೇಗ ಸವೆಯುತ್ತಿತ್ತು. ಇಂದಿನವರ ಲೆಕ್ಕ ಹಾಕಿದರೆ ವಯಸ್ಸು ಹೆಚ್ಚಾಗಿ ಬರುತ್ತದೆ.