ಎರಡು ಸಾ ಆದವಲ್ಲೋ ತಮ್ಮಾ!

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಡಿಜೆ ಮಿಕ್ಸಿಂಗ್ ಬಗ್ಗೆಯೇ ಇದ್ದವು. ಗಣಪತಿ ಹತ್ತಿರ ಬಂತು ಅಂತ ಇರಬೇಕು. ನಾಲ್ಕಕ್ಕೂ ಒಟ್ಟಿಗೇ ಉತ್ತರ ಕೊಡ್ತಿದ್ದೇನೆ.

ಪ್ರಶ್ನೆ: ಅಣ್ಣಾ, ನಮಸ್ಕಾರ. ಎರಡು ವರ್ಷದಿಂದ ಮದುವೆ, ಕಾಲೇಜು ಫಂಕ್ಷನ್‌ಗಳಿಗೆ ಡಿಜೆ ಮಾಡ್ತಿದ್ದೇನೆ. ಬೀಟ್ ಕೂಡಿಸೋದು ಚೆನ್ನಾಗೇ ಬರುತ್ತದೆ. ಆದರೂ ಕೆಲವು ಹಾಡು ಒಂದರ ಮೇಲೊಂದು ಬಂದಾಗ ಕಿವಿಗೆ ಏನೋ ಚುಚ್ಚಿದ ಹಾಗಾಗುತ್ತದೆ. ಗೆಳೆಯರು 'ಕೀ ಮ್ಯಾಚ್ ಆಗಿಲ್ಲ' ಅಂತಾರೆ. ನಾನು ಸಂಗೀತ ಕಲಿತವನಲ್ಲ. ಕೀ ಯಾವುದು ಅಂತ ಕೇಳಿಯೇ ಹೇಳೋದು ಹೇಗೆ? ಸಾಫ್ಟ್‌ವೇರ್ ತೋರಿಸೋ ನಂಬರ್ ನಂಬಬಹುದಾ?
– ಒಬ್ಬ ಓದುಗ, ನವನಗರ, ಹುಬ್ಬಳ್ಳಿ

ಉತ್ತರ: ಮೊದಲು ನನ್ನ ಮಾನ ಹೋದ ಕಥೆ ಕೇಳಿ. ರಾಣೆಬೆನ್ನೂರು ಕಡೆ ಒಂದು ಮದುವೆ, ಹಿಂದಿನ ದಿನದ ಸಂಜೆ. ಲ್ಯಾಪ್‌ಟಾಪಿನಲ್ಲಿ ಎರಡು ಹಾಡಿಗೂ ಕೀ ನಂಬರ್ 8ಎ ಅಂತ ತೋರಿಸ್ತಿತ್ತು. ನಂಬರ್ ಒಂದೇ ಅಲ್ವಾ, ಧೈರ್ಯವಾಗಿ ಒಂದರ ಮೇಲೆ ಇನ್ನೊಂದು ಬಿಟ್ಟೆ. ಹುಡುಗರು ಕುಣಿಯೋದು ನಿಲ್ಲಿಸಲಿಲ್ಲ, ಅವರು ಜನರೇಟರ್ ಸದ್ದಿಗೂ ಕುಣೀತಾರೆ. ಆದರೆ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಒಬ್ಬ ಅಜ್ಜ, ಊರಿನ ಭಜನೆಯಲ್ಲಿ ಪೇಟಿ (ಹಾರ್ಮೋನಿಯಂ) ನುಡಿಸುವವರಂತೆ, ಎದ್ದು ಬಂದು ನನ್ನ ಕಿವಿ ಹತ್ತಿರ ಬಗ್ಗಿ "ತಮ್ಮಾ, ಎರಡು ಸಾ ಆದವಲ್ಲೋ" ಅಂದು ಹೋದರು. ಅಷ್ಟೇ. ಏನು ತಪ್ಪಾಗಿತ್ತು ಅಂತ ಆಮೇಲೆ ಹೇಳ್ತೇನೆ.

ಕೀ ಅಂದರೆ ದೊಡ್ಡ ವಿದ್ಯೆ ಏನಲ್ಲ. ಹಾಡಿನ ಸಾ, ಅಂದರೆ ಹಾಡು ಬಂದು ನಿಲ್ಲೋ ಆಧಾರ ಸ್ವರ, ಎಲ್ಲಿದೆ, ಅದರ ಮೇಲೆ ಗಾಂಧಾರ (ಗ) ಎಂಥದ್ದು, ಈ ಎರಡು ಗೊತ್ತಾದರೆ ಡಿಜೆ ಕೆಲಸಕ್ಕೆ ಬೇಕಾದ ಬಹುಪಾಲು ಗೊತ್ತಾದ ಹಾಗೆ. ನೀವಿರೋದು ಗಂಗೂಬಾಯಿ ಹಾನಗಲ್ ಅವರ ಊರಲ್ಲಿ, ಪಕ್ಕದ ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಹಾಡಿಕೊಂಡಿದ್ದರು, ಇಲ್ಲಿ ಓಣಿಗೊಂದು ಪೇಟಿ ಸಿಗುತ್ತದೆ. ಹಾಗಾಗಿ ಇಂಗ್ಲಿಷ್ ವೀಡಿಯೊಗಳನ್ನು ಸ್ವಲ್ಪ ದಿನ ಬದಿಗಿಟ್ಟು ಸರಿಗಮದಿಂದಲೇ ಶುರು ಮಾಡಿ.

ಹಾಡು ಹಚ್ಚಿ, ಜೊತೆಗೆ ಬಾಯಿ ಮುಚ್ಚಿ ಸಣ್ಣಗೆ ಗುನುಗಿ. ಪಲ್ಲವಿ ಮುಗಿಯೋ ಹೊತ್ತಿಗೆ ಹಾಡನ್ನು ಥಟ್ಟನೆ ನಿಲ್ಲಿಸಿ. ನಿಮ್ಮ ಗಂಟಲು ತಾನಾಗಿಯೇ ಯಾವ ಸ್ವರಕ್ಕೆ ಹೋಗಿ ಕೂರುತ್ತದೋ ಅದೇ ಸಾ. ನಂಬಿಕೆ ಬರಲ್ವಾ? ಮೊಬೈಲಿನಲ್ಲಿ ತಂಬೂರಿ ಆ್ಯಪ್ ಹಾಕಿ, ಹಾಡಿನ ಕೆಳಗೆ ಅದನ್ನು ಓಡಿಸ್ತಾ ಶ್ರುತಿಯನ್ನು ಒಂದೊಂದೇ ಮನೆ (ಪೇಟಿಯ ಒಂದೊಂದು ಪಟ್ಟಿಗೆ ಒಂದು ಮನೆ) ಬದಲಿಸುತ್ತ ಹೋಗಿ. ಹನ್ನೆರಡು ಮನೆಯಲ್ಲಿ ಒಂದು ಕಡೆ ತಂಬೂರಿ ಹಾಡಿನೊಳಗೆ ಕರಗಿ ಹೋಗುತ್ತದೆ, ಉಳಿದ ಕಡೆ ಜಗಳ ಆಡುತ್ತದೆ. ಕರಗಿದ ಮನೆಯ ಹೆಸರು ಬರೆದುಕೊಳ್ಳಿ. ಪೇಟಿಯವರ ಲೆಕ್ಕದಲ್ಲಿ ಬಿಳಿ ಒಂದು ಅಂದರೆ ಸಿ, ಕಪ್ಪು ಒಂದು ಅಂದರೆ ಸಿ ಶಾರ್ಪ್, ಬಿಳಿ ಆರು ಅಂದರೆ ಎ. ಹಳೇ ಗವಾಯಿಗಳು ಕಾಳಿ ಏಕ್ ಅಂತಾರಲ್ಲ, ಅದೇ ಈ ಕಪ್ಪು ಒಂದು.

ಇಲ್ಲೊಂದು ಮೋಸ ಇದೆ. ಪಂಚಮವೂ ಸಾ ಥರಾನೇ ಹಿತವಾಗಿ ಕೇಳುತ್ತದೆ, ಹೊಸಬರೆಲ್ಲ ಅದನ್ನೇ ಸಾ ಅಂದುಕೊಂಡು ಬೀಳ್ತಾರೆ, ನಾನೂ ಬಿದ್ದಿದ್ದೇನೆ. ಅನುಮಾನ ಬಂದರೆ ಆ ಒಂದೇ ಸ್ವರವನ್ನು ಇಡೀ ಪಲ್ಲವಿ ಉದ್ದಕ್ಕೂ ಹಿಡಿದು ನಿಲ್ಲಿ. ಸಾಲು ಮುಗಿದರೂ ಮನೆಗೆ ಬಂದ ಹಾಗೆ ಅನಿಸದೆ ಬಾಗಿಲಲ್ಲೇ ನಿಂತ ಹಾಗೆ ಅನಿಸಿದರೆ ನೀವು ಹಿಡಿದಿದ್ದು ಪ. ಹೆಡ್‌ಫೋನಿನಲ್ಲಿ ಬೇಸ್ ಮಾತ್ರ ಕೇಳಿ ನೋಡೋದೂ ಒಳ್ಳೇದು, ಸಾಲಿನ ಕೊನೆಗೆ ಬೇಸ್ ಬಂದು ನಿಲ್ಲೋದು ಹೆಚ್ಚಾಗಿ ಸಾ ಮೇಲೆಯೇ.

ಈಗ ಗ. ಸಾ ಇರುವ ಮನೆ ಬಿಟ್ಟು ಅಲ್ಲಿಂದ ಮೇಲಕ್ಕೆ ಕಪ್ಪು ಬಿಳಿ ಎರಡೂ ಸೇರಿಸಿ ಎಣಿಸಿ. ಮೂರನೇ ಮನೆ ಕೋಮಲ ಗ, ನಾಲ್ಕನೇ ಮನೆ ಶುದ್ಧ ಗ. ಎರಡನ್ನೂ ಹಾಡಿನ ಜೊತೆ ಒತ್ತಿ ನೋಡಿ, ಒಂದು ಹೊಂದುತ್ತದೆ, ಇನ್ನೊಂದು ಹಲ್ಲು ಕಡಿಸುತ್ತದೆ. ಶುದ್ಧ ಹೊಂದಿದರೆ ಮೇಜರ್, ಕೋಮಲ ಹೊಂದಿದರೆ ಮೈನರ್. ಹನ್ನೆರಡು ಸಾ, ಒಂದೊಂದಕ್ಕೆ ಎರಡು ಗ, ಒಟ್ಟು 24 ಕೀ.

ಈ 24ನ್ನು ಗಡಿಯಾರದ ಹಾಗೆ 1ರಿಂದ 12ರ ತನಕ ಜೋಡಿಸಿರೋದೇ ನೀವು ನೋಡ್ತಿರೋ ಕ್ಯಾಮೆಲಾಟ್ ನಂಬರ್. ಎ ಅಂದರೆ ಮೈನರ್, ಬಿ ಅಂದರೆ ಮೇಜರ್. 8ಎ ಅಂದರೆ ಎ ಮೈನರ್, 8ಬಿ ಅಂದರೆ ಸಿ ಮೇಜರ್. ಇಲ್ಲಿನ ಎ, ಬಿ ಸ್ವರದ ಹೆಸರಲ್ಲ, ಗೊಂದಲ ಮಾಡಿಕೊಳ್ಳಬೇಡಿ. ಅದೇ ನಂಬರಿಗೆ, ಇಲ್ಲಾ ಒಂದು ಹಿಂದೆ ಮುಂದೆ ಹೋದರೆ ಹೊಂದುತ್ತದೆ ಅನ್ನೋದು ಎಲ್ಲರಿಗೂ ಬಾಯಿಪಾಠ, ಯಾಕೆ ಅಂತ ಕೇಳಿದರೆ ಯಾರೂ ಹೇಳಲ್ಲ. ತಂಬೂರಿ ನೋಡಿ. ಅದರ ಮೊದಲ ತಂತಿಯನ್ನು ಹೆಚ್ಚಾಗಿ ಪ ಗೆ ಕೂಡಿಸ್ತಾರೆ, ಮಾಲಕಂಸ್‌ನಂಥ ಪಂಚಮ ಇಲ್ಲದ ರಾಗ ಆದರೆ ಮ ಗೆ. ನಿಮ್ಮ ಹಾಡಿನ ಪ ವನ್ನು ಹೊಸ ಸಾ ಮಾಡಿಕೊಂಡರೆ ಕ್ಯಾಮೆಲಾಟ್‌ನಲ್ಲಿ ಒಂದು ಮುಂದೆ, ಮ ವನ್ನು ಸಾ ಮಾಡಿಕೊಂಡರೆ ಒಂದು ಹಿಂದೆ. ಸಿ ಮೇಜರಿನಿಂದ ಅದರ ಪ, ಅಂದರೆ ಜಿ ಮೇಜರಿಗೆ ಹೋದಾಗ ಏಳು ಸ್ವರದಲ್ಲಿ ಆರು ಹಾಗೇ ಉಳಿಯುತ್ತವೆ, ಹಳೇ ಮ ಒಂದು ಮಾತ್ರ ತೀವ್ರ ಆಗುತ್ತದೆ, ಅಂದರೆ ಒಂದು ಮನೆ ಮೇಲೇರುತ್ತದೆ. ಹಾಗಾಗಿ ಜಗಳಕ್ಕೆ ಒಬ್ಬನೇ ಆಸಾಮಿ. ಇನ್ನು 8ಎ, 8ಬಿ ನಡುವೆ ಆ ಒಬ್ಬನೂ ಇಲ್ಲ, ಏಳೂ ಸ್ವರ ಅವೇ. ಮೈನರಿನ ಕೋಮಲ ಗ ಮೇಲೆ ಹೋಗಿ ಕೂತರೆ ಅದೇ ಮೇಜರಿನ ಸಾ.

ಸಾಫ್ಟ್‌ವೇರ್ ಮಾತಿಗೆ ಬರೋಣ. ರೆಕಾರ್ಡ್‌ಬಾಕ್ಸ್, ವರ್ಚುವಲ್ ಡಿಜೆ, ಮಿಕ್ಸ್ಡ್ ಇನ್ ಕೀ ಇವೆಲ್ಲ ಹಾಡಿನಲ್ಲಿ ಯಾವ ಸ್ವರ ಎಷ್ಟು ಕೇಳುತ್ತದೆ ಅಂತ ತೂಗಿ, 24 ಕೀಗಳಲ್ಲಿ ಯಾವುದಕ್ಕೆ ಹತ್ತಿರ ಅಂತ ಹೇಳ್ತವೆ. ಕ್ಲಬ್ ಹಾಡುಗಳಿಗೆ ಚೆನ್ನಾಗೇ ಹೇಳ್ತವೆ. ತಪ್ಪಿದರೂ ಹೆಚ್ಚಾಗಿ ಕ್ಯಾಮೆಲಾಟಿನಲ್ಲಿ ಅಕ್ಕಪಕ್ಕ ಇರೋ ಕೀಗೇ ತಪ್ಪೋದು: ಸಾ ಬದಲು ಪ, ಇಲ್ಲಾ 8ಎ ಬದಲು 8ಬಿ. ಅದಕ್ಕೇ ತಪ್ಪು ನಂಬರ್ ಇಟ್ಟುಕೊಂಡೂ ಎಷ್ಟೋ ಮಿಕ್ಸ್ ಪಾಸಾಗಿಬಿಡ್ತವೆ. ಸಾವಿರ ಹಾಡು ವಿಂಗಡಿಸೋಕೆ ಮಶೀನ್ ಇರಲಿ, ಜಾಸ್ತಿ ಹಾಕೋ ಐವತ್ತು ಹಾಡನ್ನು ಮಾತ್ರ ನೀವೇ ತಂಬೂರಿ ಹಿಡಿದು ಪರೀಕ್ಷೆ ಮಾಡಿ. ದಿನಕ್ಕೆ ಎರಡು ಹಾಡು ಅಂದರೂ ಒಂದು ತಿಂಗಳು ಸಾಲುತ್ತದೆ. ನಿಮ್ಮ ಉತ್ತರ ಮೊದಲು ಬರೆದು ಆಮೇಲೆ ಸ್ಕ್ರೀನ್ ನೋಡಬೇಕು. ಸ್ಕ್ರೀನ್ ಮೊದಲು ನೋಡಿದರೆ ಕಿವಿ ಸೋಮಾರಿ ಆಗಿ ಅದು ಹೇಳಿದ್ದಕ್ಕೇ ಹೂಂ ಅನ್ನುತ್ತದೆ.

ಈಗ ರಾಣೆಬೆನ್ನೂರು. ಎರಡೂ ಹಾಡು 8ಎ ಅನ್ನೋದು ನಿಜವೇ ಇತ್ತು. ಆದರೆ ಒಂದು 120 ಬಿಪಿಎಂ (ನಿಮಿಷಕ್ಕೆ 120 ಬೀಟ್), ಇನ್ನೊಂದು 127. ನಿಧಾನದ್ದನ್ನು 127ಕ್ಕೆ ಎಳೆದೆ, ವೇಗ ಬದಲಾದರೂ ಶ್ರುತಿ ಸರಿಯದ ಹಾಗೆ ಹಿಡಿಯೋ ಕೀ ಲಾಕ್ ಹಾಕಿರಲಿಲ್ಲ. ಕ್ಯಾಸೆಟ್ ಜೋರಾಗಿ ಓಡಿಸಿದರೆ ದನಿ ಸಣ್ಣ ಆಗೋದು ನೋಡಿದ್ದೀರಲ್ಲ, ಅದೇ ಇಲ್ಲೂ. ವೇಗ ಸುಮಾರು 6 ಪರ್ಸೆಂಟ್ ಬದಲಾದರೆ ಶ್ರುತಿ ಒಂದು ಮನೆ ಸರಿಯುತ್ತದೆ, ನಾನು ಏರಿಸಿದ್ದು 5.8. ಅಂದರೆ ಆ ಹಾಡು ಬಿಳಿ ಆರು ಬಿಟ್ಟು ಕಪ್ಪು ಐದಕ್ಕೆ ಹೋಗಿ ಕೂತಿತ್ತು, 8ಎ ಹೋಗಿ 3ಎ ಆಗಿತ್ತು, ಸ್ಕ್ರೀನ್ ಮಾತ್ರ ಹಳೇ ನಂಬರನ್ನೇ ತೋರಿಸ್ತಿತ್ತು. ಪಕ್ಕಪಕ್ಕದ ಮನೆಯ ಎರಡು ಸಾ ಒಟ್ಟಿಗೆ! ಅಜ್ಜ ಎದ್ದು ಬಂದಿದ್ದರಲ್ಲಿ ಏನು ತಪ್ಪು? ಕೀ ಲಾಕ್ ಹಾಕಿಟ್ಟುಕೊಳ್ಳಿ, ಪಯೋನಿಯರ್ ಡೆಕ್‌ಗಳಲ್ಲಿ ಅದಕ್ಕೆ ಮಾಸ್ಟರ್ ಟೆಂಪೊ ಅಂತಾರೆ. ತೀರಾ ಜಾಸ್ತಿ ಎಳೆದರೆ ಹಾಡೋರ ದನಿ ತಗಡಿನ ಹಾಗೆ ಕೇಳುತ್ತದೆ, ಅದನ್ನೂ ನೋಡಿಕೊಳ್ಳಿ.

ಪ್ರಶ್ನೆ: ಸರ್, ನಾನು ಹಿಂದೂಸ್ತಾನಿ ಗಾಯನ ಕಲೀತಿದ್ದೇನೆ, ಜೊತೆಗೆ ಮಿಕ್ಸಿಂಗ್ ಹುಚ್ಚು. ರಾಗದ ಮೇಲೆ ಕಟ್ಟಿದ ಹಾಡಿಗೆ ಸಾಫ್ಟ್‌ವೇರ್ ಹೇಳೋ ಕೀಗೂ ನಾನು ಹಿಡಿದ ಸಾ ಗೂ ಸಂಬಂಧವೇ ಇರಲ್ಲ. ತಪ್ಪು ನಂದಾ, ಅದರದ್ದಾ?
– ಓದುಗಿ, ಗದಗ

ಉತ್ತರ: ನಿಮ್ಮದಲ್ಲ ತಂಗಿ. ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿಗಳ ಊರಲ್ಲಿ ಕೂತು ಕಿವಿ ಬಿಟ್ಟು ಲ್ಯಾಪ್‌ಟಾಪ್ ನಂಬಿದರೆ ಹೇಗೆ!

ದುರ್ಗಾ ರಾಗ ತಗೊಳ್ಳಿ. ಸ ರಿ ಮ ಪ ಧ, ಗ ಇಲ್ಲ, ನಿ ಇಲ್ಲ. ನಿಮ್ಮ ಸಾ ಬಿಳಿ ಒಂದು ಅಂದುಕೊಳ್ಳಿ. ಮಶೀನಿಗೆ ಬೇಕಾದ ಗ ಸಿಗಲ್ಲ, ಆದರೆ ಅವೇ ಐದು ಸ್ವರವನ್ನು ಮ ದಿಂದ ಎಣಿಸಿದರೆ ಚೊಕ್ಕ ಭೂಪ ರಾಗ ಆಗುತ್ತದೆ. ಹಾಗಾಗಿ ಅದು ಸಿ ಅನ್ನೋ ಬದಲು ಎಫ್ ಮೇಜರ್, 7ಬಿ, ಅಂದುಬಿಡುತ್ತದೆ, ಇಲ್ಲಾ 7ಎ. ನೀವು ಕ್ಲಾಸಿನಲ್ಲಿ ಮೂರ್ಛನೆ ಅಂತ ಕಲಿತಿದ್ದನ್ನೇ ಅದು ಗೊತ್ತಿಲ್ಲದೆ ಮಾಡ್ತಿದೆ. ಯಮನ್ ಕಥೆಯೂ ಇಂಥದ್ದೇ, ತೀವ್ರ ಮ ನೋಡಿ ಸಾ ಬಿಟ್ಟು ಪ ಹಿಡಿಯುತ್ತದೆ. ಭೈರವ ಬಂದರಂತೂ ಪಾಪ ಅದಕ್ಕೆ ದಿಕ್ಕೇ ತೋಚಲ್ಲ, ಕೋಮಲ ರಿ, ಶುದ್ಧ ಗ, ಕೋಮಲ ಧ, ಶುದ್ಧ ನಿ ಒಟ್ಟಿಗೆ ಇರೋ ಪೆಟ್ಟಿಗೆಯೇ ಅದರ 24ರಲ್ಲಿ ಇಲ್ಲ.

ಆದರೆ ತಮಾಷೆ ಏನು ಗೊತ್ತಾ? ಆ ದುರ್ಗಾ ಹಾಡಿನ ಮೇಲೆ ಎಫ್ ಮೇಜರಿನ ಹಾಡು ಹಾಕಿದರೆ ಅಪಸ್ವರ ಬರಲ್ಲ, ಸ್ವರ ಎಲ್ಲ ಅವೇ ಅಲ್ವಾ. ಕಾಲ ಕೆಳಗಿನ ನೆಲ ಮಾತ್ರ ಮ ಕಡೆ ಸರಿದ ಹಾಗಾಗುತ್ತದೆ. ಕೆಲವು ಸಲ ಅದು ಸೊಗಸಾಗಿರುತ್ತದೆ, ಕೆಲವು ಸಲ ತಲೆ ತಿರುಗುತ್ತದೆ. ಅದಕ್ಕೇ ನಾನು ಫೈಲ್ ಹೆಸರಿನಲ್ಲಿ ಎರಡನ್ನೂ ಬರೆದಿಡ್ತೇನೆ: ಮಶೀನ್ ಹೇಳಿದ ನಂಬರ್, ಪಕ್ಕದಲ್ಲಿ ನಾನು ಹಿಡಿದ ಸಾ. ಎರಡೂ ಕೂಡಿದ ಹಾಡುಗಳನ್ನು ಎಷ್ಟು ಹೊತ್ತು ಬೇಕಾದರೂ ಜೊತೆಗೆ ಓಡಿಸಿ. ನಂಬರ್ ಮಾತ್ರ ಕೂಡಿದರೆ ಎಂಟು ಬೀಟಿನೊಳಗೆ ಬದಲಿಸಿಬಿಡಿ.

ಪ್ರಶ್ನೆ: ಜಗ್ಗಲಿಗಿ, ಡೊಳ್ಳು ರೆಕಾರ್ಡ್ ಮಾಡಿ ಮಿಕ್ಸ್‌ನಲ್ಲಿ ಹಾಕ್ತೇನೆ. ಅವಕ್ಕೂ ಕೀ ನೋಡಬೇಕಾ?
– ಓದುಗ, ಸಪ್ತಾಪುರ, ಧಾರವಾಡ

ಉತ್ತರ: ಬೇಡ. ಜಗ್ಗಲಿಗಿಯಂಥ ಚರ್ಮವಾದ್ಯಕ್ಕೆ ಇಂಥದ್ದೇ ಅಂತ ಹೇಳೋ ಸ್ವರ ಇಲ್ಲ, ಯಾವ ಹಾಡಿನ ಮೇಲಾದರೂ ಬಿಡಿ. ಕೀ ಕೂಡದ ಎರಡು ಹಾಡಿನ ನಡುವೆ ಸೇತುವೆಗೆ ಇದಕ್ಕಿಂತ ಒಳ್ಳೇದು ಸಿಗಲ್ಲ: ಮೊದಲ ಹಾಡು ಇಳಿಸಿ, ಹದಿನಾರು ಬೀಟ್ ಬರೀ ಜಗ್ಗಲಿಗಿ, ಆಮೇಲೆ ಎರಡನೇದು. ಅಷ್ಟರಲ್ಲಿ ಜನರ ಕಿವಿ ಹಳೇ ಸಾ ಬಿಟ್ಟಿರುತ್ತದೆ. ಕಂಪ್ಯೂಟರಿನಲ್ಲಿ ಮಾಡಿದ ಉದ್ದ ಬಾಲದ ಕಿಕ್ (ಡ್ರಮ್ಮಿನ ದಪ್ಪ ಏಟು) ಮಾತ್ರ ಬೇರೆ, ಅದರಲ್ಲಿ ಸ್ವರ ಇರುತ್ತದೆ, ಕೇಳಿ ನೋಡಿ ಹಾಕಿ.

ಪ್ರಶ್ನೆ: ಹಳೇ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಹಾಡುಗಳ ಕೀ ಸರಿಯಾಗಿ ಸಿಕ್ಕರೂ ಹೊಸ ಹಾಡಿನ ಜೊತೆ ಸ್ವಲ್ಪ ಬೇಸೂರು ಅನಿಸ್ತವೆ. ಯಾಕೆ?
– ಓದುಗ, ಹಾವೇರಿ

ಉತ್ತರ: ಅವು ಎರಡು ಮನೆಗಳ ನಡುವಿನ ಗೋಡೆ ಮೇಲೆ ಕೂತಿರುತ್ತವೆ. ಈಗಿನ ಹಾಡುಗಳು ಹೆಚ್ಚಾಗಿ ಎ ಸ್ವರ ಅಂದರೆ 440 ಹರ್ಟ್ಸ್ ಅನ್ನೋ ಅಳತೆಗೆ ಕೂಡಿಸಿದ್ದು. ಹಳೇ ಕಾಲದಲ್ಲಿ ವಾದ್ಯದವರು ಆ ದಿನದ ಪೇಟಿಗೋ ಹಾಡೋರಿಗೋ ಕೂಡಿಸಿಕೊಂಡಿರಬಹುದು, ಆಮೇಲೆ ಟೇಪಿನ ವೇಗ ಒಂದಿಷ್ಟು ಹೆಚ್ಚುಕಡಿಮೆ, ನಿಮ್ಮ ಟೇಪ್‌ರೆಕಾರ್ಡರಿನ ಬೆಲ್ಟ್ ಸಡಿಲಾಗಿದ್ದರೆ ಅದೂ ಸೇರಿತು.

ಗಿಟಾರ್ ಟ್ಯೂನರ್ ಆ್ಯಪ್ ತೆಗೆಯಿರಿ, ಹಾಡಿನ ಸಾ ಹಿಡಿದು ನೀವೇ ಗುನುಗಿ, ಮುಳ್ಳು ನಡುವಿನಿಂದ ಎಷ್ಟು ಸೆಂಟ್ ಆಚೀಚೆ ಇದೆ ನೋಡಿ. ಒಂದು ಮನೆಗೆ 100 ಸೆಂಟ್. 50 ಸೆಂಟ್ ಕೆಳಗಿದ್ದರೆ ಸರಿಯಾಗಿ ನಡುಗೋಡೆ, ಕೀ ಲಾಕ್ ತೆಗೆದು ವೇಗ 3 ಪರ್ಸೆಂಟ್ ಏರಿಸಿ, ಮೇಲಿನ ಮನೆಗೆ ಬಂದು ಕೂರುತ್ತದೆ. 20 ಸೆಂಟ್ ಮೇಲಿದ್ದರೆ 1.2ರಷ್ಟು ಇಳಿಸಿದರೆ ಸಾಕು. ಹೀಗೆ ಸರಿ ಮಾಡಿದ್ದನ್ನು ಬೇರೆ ಫೈಲ್ ಮಾಡಿ ಸೇವ್ ಮಾಡಿ, ಆಮೇಲೆ ಕೀ ಲಾಕ್ ಹಾಕಿಕೊಂಡು ಬೇಕಾದ ಬಿಪಿಎಂಗೆ ತನ್ನಿ. ಮೂಲ ಫೈಲ್ ಅಳಿಸಬೇಡಿ, ಆ ಕ್ಯಾಸೆಟ್ ಇನ್ನೊಂದು ಸಲ ಓಡುತ್ತೋ ಇಲ್ವೋ.