ಓನರ್ 1 ಕೋಟಿ 5 ಲಕ್ಷ ಹೇಳಿದರೆ ನಾವು ಎಷ್ಟಕ್ಕೆ ಕೇಳಬೇಕು?

ಮೈಸೂರಿನಲ್ಲಿ 30x40 ಸೈಟಿನ ಹಳೇ ಮನೆಗೆ ಓನರ್ 1 ಕೋಟಿ 5 ಲಕ್ಷ ಹೇಳಿದ್ದಾರೆ, ಎಷ್ಟಕ್ಕೆ ಕೇಳಲಿ, ತೀರಾ ಕಡಿಮೆ ಕೇಳಿದರೆ ಬೇಜಾರಾಗಿ ಮಾತೇ ನಿಲ್ಲಿಸಿಬಿಡ್ತಾರಾ ಅಂತ ಕೇಳಿದ್ದೀರಿ.

ಬೇಜಾರಾಗಬಹುದು. ನಮಗೆ ಮನೆ ಮಾರಿದ ಓನರ್‌ಗೂ ಆಗಿತ್ತು. ಮೂರು ವರ್ಷದ ಹಿಂದಿನ ಮಾತು. ಅವರು ಹೇಳಿದ್ದು 1 ಕೋಟಿ 2 ಲಕ್ಷ, ನಾನು ಕೇಳಿದ್ದು 82 ಲಕ್ಷ. ಕಾಫಿ ಲೋಟ ಕೆಳಗಿಟ್ಟು ಎದ್ದು ಒಳಗೆ ಹೋದರು. ಹನ್ನೊಂದು ದಿನ ಸುದ್ದಿಯಿಲ್ಲ. ಆಮೇಲೆ ಬ್ರೋಕರ್ ಫೋನ್: "ಬನ್ನಿ ಸಾರ್, ಕೂತು ಮಾತಾಡಿದ್ರೆ ಸ್ವಲ್ಪ ಕಮ್ಮಿ ಆಗುತ್ತೆ." 87ಕ್ಕೆ ಮುಗಿಯಿತು.

ಹೇಳಿದ್ದರಲ್ಲಿ ಹತ್ತು ಪರ್ಸೆಂಟ್ ಕಳೆದು ಕೇಳಿ ಅಂತ ಎಲ್ಲರೂ ಹೇಳ್ತಾರೆ. ಅವರು ಬಾಯಿಗೆ ಬಂದಷ್ಟು ಹೇಳಿದ್ದರೆ ಹತ್ತು ಕಳೆದು ಏನು ಬಂತು? ನಾನು ಸೈಟಿಗೆ ಬೇರೆ, ಕಟ್ಟಡಕ್ಕೆ ಬೇರೆ ಲೆಕ್ಕ ಹಾಕಿದೆ. ಅದೇ ರಸ್ತೆಯಲ್ಲಿ ಖಾಲಿ ಸೈಟು ಅಡಿಗೆ 6,000ದಂತೆ ಹೋಗಿತ್ತು. 1,200 ಅಡಿಗೆ 72 ಲಕ್ಷ. ಕಟ್ಟಡ 14 ಚದರ (ಒಂದು ಚದರ ಅಂದರೆ 100 ಚದರ ಅಡಿ). ಹೊಸದಾಗಿ ಕಟ್ಟಿಸಿದರೆ ಚದರಕ್ಕೆ 2 ಲಕ್ಷದಂತೆ 28. ಆದರೆ ಮನೆಗೆ 20 ವರ್ಷ, ಹಳೇ ವೈರಿಂಗ್, ಬಚ್ಚಲ ಗೋಡೆಯಲ್ಲಿ ತೇವ. ಅರ್ಧ ಹಾಕಿದೆ. ಒಟ್ಟು 86. ಅದರಿಂದ ನಾಲ್ಕು ಇಳಿಸಿ ಕೇಳಿದೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅವರ ಮುಂದೆಯೇ ಇಟ್ಟಿದ್ದೆ. ಸಿಟ್ಟಾದರೂ ಹಾಳೆ ಎಸೆದಿರಲಿಲ್ಲ ಪುಣ್ಯಾತ್ಮ. ಎರಡನೇ ಸಲ ಹೋದಾಗ ಕಟ್ಟಡದ 14 ಲಕ್ಷ ಹೊಡೆದುಹಾಕಿ ಪೆನ್ಸಿಲ್‌ನಲ್ಲಿ 17 ಅಂತ ಬರೆದಿಟ್ಟಿದ್ದರು. ಆಮೇಲೆ ನಡೆದದ್ದು ಮೂರು ಲಕ್ಷದ ಚೌಕಾಸಿ ಅಷ್ಟೇ.

ಇನ್ನೊಂದು ವಿಷಯ, ಯಾಕೆ ಮಾರ್ತಿದ್ದಾರೆ ಅಂತ ತಿಳಿದುಕೊಳ್ಳಿ. ಬ್ರೋಕರ್ ಹೇಳಲ್ಲ, ಪಕ್ಕದ ಮನೆಯವರು ಹೇಳ್ತಾರೆ. ನಮ್ಮ ಓನರ್‌ಗೆ ಕಾರ್ತಿಕದಲ್ಲಿ ಮಗಳ ಮದುವೆ. ಬೇರೊಂದು ಪಾರ್ಟಿ 90ಕ್ಕೆ ಕೇಳಿದ್ದರಂತೆ, ಆದರೆ ಆ ಪಾರ್ಟಿ ದುಡ್ಡು ಕೊಡುವುದು ತಮ್ಮದೊಂದು ಸೈಟು ಮಾರಾಟವಾದ ಮೇಲೆ. ನಾನು ಮೊದಲೇ ಬ್ಯಾಂಕಿನಲ್ಲಿ ಲೋನ್ ಮಾತಾಡಿಟ್ಟಿದ್ದೆ. "ದಸರಾ ಒಳಗೆ ಪೂರ್ತಿ ದುಡ್ಡು" ಅಂದೆ. ಅವರು 90 ಬಿಟ್ಟು 87ಕ್ಕೆ ಒಪ್ಪಿದ್ದು ಇದೊಂದು ಮಾತಿಗೆ. ಆಗ ಆಷಾಢ ಬೇರೆ, ಮನೆ ನೋಡಲು ಬರುವವರೂ ಕಡಿಮೆ. ಅಡ್ವಾನ್ಸ್ ಮಾತ್ರ ಶ್ರಾವಣ ಬರಲಿ ಅಂದರು, ಸರಿ ಅಂದೆ.

ಮನೆ ನೋಡುವಾಗ ಹೊಗಳಬೇಡಿ. ನಮ್ಮಮ್ಮ ಓನರ್ ಹೆಂಡತಿ ಎದುರಿಗೇ "ದೇವರಮನೆ ಎಷ್ಟು ಚೆನ್ನಾಗಿದೆ, ಇಲ್ಲೇ ಗೌರಿ ಕೂರಿಸಬಹುದು" ಅಂದುಬಿಟ್ಟರು. ಒಂದೆರಡು ಲಕ್ಷ ಅಲ್ಲೇ ಹೋಯಿತು ಅಂತ ನನ್ನ ಗುಮಾನಿ.

ಬಾಯಿಬಿಡುವ ಮೊದಲು ಮೇಲಿನ ಖರ್ಚನ್ನೂ ಸೇರಿಸಿಕೊಳ್ಳಿ. ನಾವು ಕೊಂಡಾಗ ನೋಂದಣಿ ಶುಲ್ಕ ಶೇ 1 ಇತ್ತು. 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಇದರ ಜೊತೆ ಸ್ಟ್ಯಾಂಪ್ ಡ್ಯೂಟಿ, ಸೆಸ್ ಎಲ್ಲ ಸೇರಿ ಒಟ್ಟು ಶೇ 7.6. ಅಂದರೆ 87 ಲಕ್ಷದ ಮನೆಗೆ ಸುಮಾರು 6 ಲಕ್ಷ 61 ಸಾವಿರ, ಬ್ರೋಕರ್ ಕಮಿಷನ್ ಬೇರೆ. 50 ಲಕ್ಷ ಮುಟ್ಟಿದರೆ ಓನರ್‌ಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ (ಓನರ್ ಲೆಕ್ಕಕ್ಕೆ ಸೇರುವ ಆದಾಯ ತೆರಿಗೆ) ಹಿಡಿದು ನೀವೇ ಕಟ್ಟಬೇಕು. ಇದನ್ನು ದರ ಮಾತಾಡುವಾಗಲೇ ಹೇಳಿಬಿಡಿ, ಇಲ್ಲದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಜಗಳ.

"ಗೈಡೆನ್ಸ್ ವ್ಯಾಲ್ಯೂಗೆ ರಿಜಿಸ್ಟರ್ ಮಾಡೋಣ, ಬಾಕಿ ಕ್ಯಾಶ್ ಕೊಡಿ" ಅಂತ ಓನರ್ ಕೇಳಬಹುದು. ಗೈಡೆನ್ಸ್ ವ್ಯಾಲ್ಯೂ ಅಂದರೆ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ದರ. ನಾನು ಒಪ್ಪಲಿಲ್ಲ. ಅದು ಕಾನೂನಿಗೆ ವಿರುದ್ಧ, ಜೊತೆಗೆ ಪತ್ರದಲ್ಲಿ ಬೆಲೆ ಇಳಿದರೆ ಲೋನೂ ಇಳಿಯುತ್ತದೆ. ನಾಳೆ ನೀವು ಮಾರುವಾಗ ಲಾಭ ಜಾಸ್ತಿ ಕಂಡು ತೆರಿಗೆಯೂ ನಿಮ್ಮ ತಲೆಗೇ.

ದರ ಒಪ್ಪಿದ ಖುಷಿಯಲ್ಲಿ ಅಲ್ಲೇ ಟೋಕನ್ ಕೊಡಬೇಡಿ. ಇಸಿ (ಆಸ್ತಿಯ ಮೇಲೆ ಸಾಲ, ಋಣ ಇದೆಯೇ ಎಂದು ತೋರಿಸುವ ಪತ್ರ), ಖಾತೆ, ಹಳೇ ಕ್ರಯಪತ್ರ ಲಾಯರ್ ಕೈಗೆ ಹೋಗಲಿ. ಬ್ಯಾಂಕು ಲೋನ್ ಕೊಡದಿದ್ದರೆ ಅಡ್ವಾನ್ಸ್ ವಾಪಸ್ ಅನ್ನುವ ಸಾಲು ಕರಾರಿನಲ್ಲಿ ಇರಲೇಬೇಕು. ನಮ್ಮ ಓನರ್ ಇದಕ್ಕೂ ಒಮ್ಮೆ ಎದ್ದು ಒಳಗೆ ಹೋದರು. ಆ ಸಲ ಐದೇ ನಿಮಿಷಕ್ಕೆ ವಾಪಸ್ ಬಂದರು.